ಎಡತೋಳಿನ ಜಗಳ

ವ್ಯಾನಕ್ಕನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ಅವಳ ಗಂಡನೇ ಹೇಳಿಕೊಂಡು ತಿರುಗುತ್ತಿದ್ದ. ಪಾಪ, ಅವನಿಗೆ ಮಾತಾಡಲು ಸಮಯ ಸಿಗುತ್ತಿದ್ದುದೇ ಅವಳು ಕೆಲಸಕ್ಕೆ ಹೋದ ಮೇಲೆ. ಸರ್ಕಾರಿ ಆರೋಗ್ಯ ವಿಮೆಯ ರೋಗಿಗಳನ್ನು ಮನೆಯಿಂದ ಆಸ್ಪತ್ರೆಗೆ ಕರೆದೊಯ್ದು ಮತ್ತೆ ಮನೆ ಮುಟ್ಟಿಸುವ ಬಿಳಿ ವ್ಯಾನು ಅವಳದು. ಬಾಡಿಗೆ ವಿಮೆಯವರು ಕೊಡುತ್ತಿದ್ದರು, ಮಾತು ಅವಳ ಕಡೆಯಿಂದ ಪುಕ್ಕಟೆ. ಹಿಂದೆ ನಾಲ್ಕು ಜನ ಕೂತರೆ ನಾಲ್ಕು ಮನೆಯ ಜಗಳವೂ ಆಸ್ಪತ್ರೆಯ ಗೇಟು ಬರುವಷ್ಟರಲ್ಲಿ ಇತ್ಯರ್ಥವಾಗುತ್ತಿತ್ತು.

ಅಂಥವಳ ಬಾಯಿಗೂ ಬೀಗ ಬಿತ್ತು. ಸಾಂಕ್ರಾಮಿಕ ಶುರುವಾದದ್ದೇ ತಡ, ವಿಮೆ ಕಚೇರಿಯವರು ಆಸ್ಪತ್ರೆಗಳಿಗೂ ವ್ಯಾನಿನವರಿಗೂ ಸೂಚನೆಗಳನ್ನು ಕಳಿಸತೊಡಗಿದರು. ಬೆಳಿಗ್ಗೆ ಒಂದು, ಸಂಜೆ ಅದಕ್ಕೊಂದು ತಿದ್ದುಪಡಿ. ಒಂದು ಸಲಕ್ಕೆ ಒಬ್ಬರೇ ರೋಗಿ. ಜೊತೆಗೆ ಮನೆಯವರು ಬರುವಂತಿಲ್ಲ. ಕಿಟಕಿ ತೆರೆದಿರಬೇಕು, ಚಾಲಕರ ಬೆನ್ನ ಹಿಂದೆ ಪ್ಲಾಸ್ಟಿಕ್ ಪರದೆ ಇರಬೇಕು. ಕೊನೆಯದಂತೂ ನೇರವಾಗಿ ಎದೆಗೇ ನಾಟಿತು: ವಾಹನದೊಳಗೆ ಮಾತು ಬೇಡ.

"ಇದನ್ನ ಬರೆದೋನು ನನ್ನ ವ್ಯಾನಲ್ಲಿ ಒಂದ್ಸಲ ಕೂತಿರ್ಲೇಬೇಕು" ಎಂದಳು. ಗಂಡ ಮುಖ ಆಚೆ ತಿರುಗಿಸಿ ನಕ್ಕ. ಆದರೆ ಉಸಿರಿಗಾಗಿ ಒದ್ದಾಡುವವರನ್ನು ಕಣ್ಣಾರೆ ಕಂಡಿದ್ದ ಅವಳು ಆ ಸೂಚನೆಯನ್ನು ಒಂದು ದಿನವೂ ಮೀರಲಿಲ್ಲ.

ತೊಡಕು ಬಂದದ್ದು, ಊರವರೆಲ್ಲ ಟೈಲರ್ ಮಾವ ಎಂದು ಕರೆಯುತ್ತಿದ್ದ ಮುದುಕರ ಮನೆಯಲ್ಲಿ. ಅವರ ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ, ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡು ಬರಬೇಕು. ಯಾವಾಗಲೂ ಸೊಸೆ ಜೊತೆಗಿರುತ್ತಿದ್ದಳು. ಈಗ ಅವಳೂ ಬರುವಂತಿಲ್ಲ ಎಂದು ತಿಳಿದ ದಿನ ಮಾವ ಹೊಸಿಲು ದಾಟಲಿಲ್ಲ.

"ಹರಿದ ಬಟ್ಟೆಗೆ ತೇಪೆ ಹಾಕ್ಬಹುದು. ತೇಪೆ ಮೇಲೆ ತೇಪೆ ಹಾಕ್ಕೊಂಡು ಎಷ್ಟು ದಿನ ಅಂತ ತಳ್ಳೋದು? ನನಗೆ ಸಾಕಾಯ್ತು ಕಣಮ್ಮ. ಒಬ್ಬನೇ ಹೋಗಿ ಆ ಯಂತ್ರದ ಪಕ್ಕ ಮಲಗೋಕೆ ನನ್ನ ಕೈಲಾಗಲ್ಲ."

ರೋಗಿ ಒಲ್ಲೆನೆಂದರೆ ಫೋನಿನಲ್ಲಿ 'ಬರಲಿಲ್ಲ' ಎಂದು ಒತ್ತಿ ಮುಂದಿನ ಮನೆಗೆ ಹೋಗಬೇಕು ಎಂಬುದೂ ಸೂಚನೆಯಲ್ಲೇ ಇತ್ತು. ಆದರೆ ಈ ಚಿಕಿತ್ಸೆ ನಾಲ್ಕಾರು ಸಲ ತಪ್ಪಿದರೆ ಆಮೇಲೆ ಆ ಮನೆಗೆ ವ್ಯಾನು ಬರುವ ಅಗತ್ಯವೇ ಇರುವುದಿಲ್ಲ ಎಂಬುದು ಅವಳಿಗೂ ಗೊತ್ತು, ಸೊಸೆಗೂ ಗೊತ್ತು. ಮೊಂಡನಿಗೆ ಬುದ್ಧಿ ಹೇಳುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಹಾಗಾಗಿ ವ್ಯಾನಕ್ಕ ಬುದ್ಧಿ ಹೇಳಲಿಲ್ಲ. ಗೇಟಿನಾಚೆ ದೂರದಲ್ಲಿ ನಿಂತು ಸೊಂಟಕ್ಕೆ ಕೈಯಿಟ್ಟಳು.

"ಆಯ್ತು ಬಿಡಿ, ಬರ್ಬೇಡಿ. ಆದ್ರೆ ಸಾಯೋ ಮುಂಚೆ ನನ್ನ ಗಂಡನ ಕೋಟಿಗೆ ಒಂದು ಉತ್ತರ ಕೊಡಿ."

"ಯಾವ ಕೋಟು?"

"ನಮ್ಮ ಮದುವೆಗೆ ನೀವು ಹೊಲಿದಿದ್ದು. ಎಡತೋಳು ಎರಡು ಬೆರಳು ಗಿಡ್ಡ. ಎಲ್ಲಾ ಫೋಟೋದಲ್ಲೂ ಎಡಗೈ ಬೆನ್ನ ಹಿಂದೆ ಇಟ್ಕೊಂಡು ನಿಂತಿದಾರೆ. ಗಂಡಿನ ಕೈ ಸೊಟ್ಟ ಅಂತ ನೆಂಟರು ಇವತ್ತಿಗೂ ಆಡ್ಕೋತಾರೆ."

ಸೊಸೆ ಏನೋ ಹೇಳಲು ಬಾಯಿ ತೆರೆದು, ಹಾಗೆಯೇ ಮುಚ್ಚಿಕೊಂಡಳು. ಮಾವನ ಮುಖ ಕೆಂಪಗಾಯಿತು.

"ನನ್ನ ಕತ್ತರಿ ಕೂದಲೆಳೆಯಷ್ಟೂ ತಪ್ಪಿದ್ದಿಲ್ಲ" ಎನ್ನುತ್ತ ಗೇಟಿನವರೆಗೂ ಬಂದೇಬಿಟ್ಟರು. ಅಷ್ಟರಲ್ಲಿ ಅವಳು ವ್ಯಾನಿನ ಬಾಗಿಲು ಸರಿಸಿ ತನ್ನ ಸೀಟಿನಲ್ಲಿ ಕೂತಿದ್ದಳು. ಜಗಳ ಅರ್ಧಕ್ಕೆ ಬಿಡುವ ಅಭ್ಯಾಸವಿಲ್ಲದ ಮಾವ ಮಾಸ್ಕ್ ಏರಿಸಿಕೊಂಡು ಹತ್ತಿದರು. ಬಾಯಿ ತೆರೆಯುವಷ್ಟರಲ್ಲಿ ಅವಳು ಪರದೆಗೆ ಅಂಟಿಸಿದ್ದ ಚೀಟಿಯತ್ತ ಬೆರಳು ತೋರಿಸಿದಳು: ಮಾತು ಬೇಡ.

ದಾರಿಯುದ್ದಕ್ಕೂ ಪರದೆಯ ಹಿಂದಿನಿಂದ ಬುಸುಗುಟ್ಟುವ ಸದ್ದು ಕೇಳುತ್ತಿತ್ತು. ಯಂತ್ರದ ಪಕ್ಕ ಮಲಗಿದ್ದಷ್ಟು ಹೊತ್ತೂ ಅವರು ಉತ್ತರವನ್ನು ಮಸೆದಿರಬೇಕು. ಮರಳಿ ಮನೆಯ ಮುಂದೆ ಇಳಿದವರೇ ಹೇಳಿದರು: "ನಿನ್ನ ಗಂಡ ಒಂದು ಭುಜ ಇಳಿಸಿ ನಿಲ್ಲೋನಿರ್ಬೇಕು. ತಪ್ಪು ಮೈಯದ್ದು, ಕೋಟಿನದ್ದಲ್ಲ."

"ಅದಕ್ಕೆ ನಾಳಿದ್ದು ಹೇಳ್ತೀನಿ" ಎಂದು ಅವಳು ವ್ಯಾನು ಹೊರಡಿಸಿದಳು.

ಹೀಗೆ ನಾಳಿದ್ದಿಗೊಂದು ನಾಳಿದ್ದು ಸೇರಿ ತಿಂಗಳುಗಳೇ ಉರುಳಿದವು. ಸೂಚನೆಗಳು ಬದಲಾದರೂ ಜಗಳ ಬದಲಾಗಲಿಲ್ಲ. ಒಮ್ಮೆ ಮಾವ ಸಾಕ್ಷಿಗೆಂದು ಗಂಡನ ಅಳತೆ ಕೇಳಿದರು. ಅವಳು ಮನೆಯಲ್ಲಿ ಟೇಪು ಹಿಡಿದು ಗಂಡನ ಮುಂದೆ ನಿಂತಳು.

"ಮದುವೆಗೆ ನಾನು ಸ್ವೆಟರ್ ಹಾಕಿದ್ದೆ ಅಲ್ವೇನೇ? ಕೋಟೆಲ್ಲಿತ್ತು?" ಎಂದ ಅವನು.

"ಸುಮ್ನೆ ಕೈ ಚಾಚಿ" ಎಂದಳು ಅವಳು.

ಒಂದು ದಿನ ಆಸ್ಪತ್ರೆಯಲ್ಲಿ ಮಾವನ ಪಕ್ಕದ ಹಾಸಿಗೆ ಖಾಲಿಯಾಗಿತ್ತು. ಆ ಹಾಸಿಗೆಯವರನ್ನು ಸಾಂಕ್ರಾಮಿಕ ಒಯ್ದಿತ್ತು. ಅಂದು ಅವರು ಜಗಳಕ್ಕೆ ನಿಲ್ಲದೆ ಇಳಿದು ಹೋದರು. ಮುಂದಿನ ಸಲ ವ್ಯಾನಕ್ಕ ಎರಡು ಬಾರಿ ಹಾರ್ನ್ ಮಾಡಿದರೂ ಬಾಗಿಲಿಗೆ ಯಾರೂ ಬರಲಿಲ್ಲ. ಅವಳು ವ್ಯಾನಿನಿಂದ ಇಳಿದು ಗೇಟಿಗೆ ಓಡಿದಳು.

"ಸೋತ್ರಾ, ಟೈಲರ್ ಮಾವ?" ಎಂದು ಕೂಗಿದಳು.

ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತಿತು.

"ದಾರ ತುಂಡಾಗಿತ್ತು. ಒಂದ್ನಿಮಿಷ ಕಾಯೋಕಾಗಲ್ವಾ?" ಎನ್ನುತ್ತ ಅವರು ಹೊರಬಂದರು. ಅವಳು ಮಾಸ್ಕಿನೊಳಗೇ ಮೂಗು ಒರೆಸಿಕೊಂಡಳು.

ಕೊನೆಗೂ ಲಸಿಕೆ ಬಂತು. ವಿಮೆಯವರಿಂದ ಹೊಸ ಸೂಚನೆಯೂ ಬಂತು: ಮನೆಯವರೊಬ್ಬರು ಜೊತೆಗೆ ಬರಬಹುದು, ಮಾತಿಗೆ ಅಡ್ಡಿಯಿಲ್ಲ. ವ್ಯಾನಕ್ಕ ಅದನ್ನು ಮಾವನ ಗೇಟಿನ ಮುಂದೆ ಗಟ್ಟಿಯಾಗಿ ಓದಿ, ಪ್ಲಾಸ್ಟಿಕ್ ಪರದೆಯನ್ನು ಅವರ ಕಣ್ಣೆದುರಿಗೇ ಬಿಚ್ಚಿದಳು. ಸೊಸೆ ಒಂದು ಬಟ್ಟೆಯ ಗಂಟು ಹಿಡಿದು ಮಾವನ ಜೊತೆ ಹತ್ತಿ ಕೂತಳು. ಮಾವ ಗಂಟು ಬಿಚ್ಚಿ, ಒಳಗಿದ್ದ ಕಪ್ಪು ಕೋಟನ್ನು ಮುಂದಿನ ಸೀಟಿನ ಮೇಲೆ ಹರಡಿದರು.

"ನಾನು ಹೆಂಗಸರ ಟೈಲರ್ ಕಣಮ್ಮ. ಈ ಜನ್ಮದಲ್ಲಿ ಗಂಡಸರ ಕೋಟು ಮುಟ್ಟಿದೋನಲ್ಲ. ಇದೇ ಮೊದಲನೇದು."

ವ್ಯಾನಕ್ಕ ಸೊಸೆಯ ಕಡೆ ನೋಡಿದಳು. ಅವಳು ಕಿಟಕಿಯಾಚೆ ನೋಡುತ್ತ ನಗು ತಡೆಯುತ್ತಿದ್ದಳು.

"ಹಾಗಾದ್ರೆ ಮೊದಲ ದಿನವೇ..."

"ಮೊದಲ ದಿನವೇ ಗೊತ್ತಿತ್ತು. ಒಬ್ಬಳು ನನ್ನ ಗೇಟಿಗೆ ಬಂದು ಇಷ್ಟು ದೊಡ್ಡ ಸುಳ್ಳು ಹೇಳ್ತಾಳೆ ಅಂದ್ರೆ, ನಾನು ಬದುಕಿರೋದು ಅವಳಿಗೆ ಬೇಕಾಗಿದೆ ಅಂತ ಅರ್ಥ ಆಯ್ತು." ಅವರು ಕೋಟಿನ ಎಡತೋಳನ್ನು ಎತ್ತಿ ಹಿಡಿದರು. "ನೋಡು, ಸರಿಯಾಗಿ ಎರಡು ಬೆರಳು ಗಿಡ್ಡ. ಇನ್ಮೇಲೆ ನೀನು ಸುಳ್ಳುಗಾತಿ ಅಲ್ಲ."

ವ್ಯಾನಕ್ಕ ಆ ತೋಳನ್ನು ಮುಟ್ಟಿ ನೋಡಿದಳು. ಕಣ್ಣು ತುಂಬಿ ರಸ್ತೆ ಮಂಜಾಯಿತು. ಗಾಡಿ ಶುರು ಮಾಡಲು ಹೋಗಿ ಕೈ ತಡೆದಳು.

"ಮಾತಾಡ್ಬಹುದು ಅಂತ ಬಂದಿದೆಯಲ್ಲ, ಏನಾದ್ರೂ ಹೇಳು" ಎಂದರು ಮಾವ. ಅವಳು ಬರೀ ತಲೆಯಾಡಿಸಿದಳು. ಅವರು ಕೋಟನ್ನು ಮಡಿಸುತ್ತ ಮೆಲ್ಲಗೆ ಸೇರಿಸಿದರು:

"ತೋಳಿನ ಒಳಮಡಿಕೆಯಲ್ಲಿ ಹೆಚ್ಚಿನ ಬಟ್ಟೆ ಬಿಟ್ಟಿದೀನಿ. ನಾಳಿದ್ದು ಬರುವಾಗ ತಗೊಂಡು ಬಾ, ತೋಳು ಉದ್ದ ಮಾಡ್ಕೊಡ್ತೀನಿ."