ಅರ್ಜಿಯ ಮೇಲೆ ಅಪ್ಪ ಎಳೆದ ಗೆರೆ

ಆ ವಿದ್ಯಾರ್ಥಿವೇತನ ಸಿಕ್ಕರೆ ಜರ್ಮನಿಯ ವಿಶ್ವವಿದ್ಯಾಲಯವೊಂದರಲ್ಲಿ ಆರು ತಿಂಗಳು ಓದಬಹುದಿತ್ತು. ಅಲ್ಲಿಂದ ಒಬ್ಬರು ಇಲ್ಲಿಗೆ, ಇಲ್ಲಿಂದ ಒಬ್ಬರು ಅಲ್ಲಿಗೆ. ನಮ್ಮ ಕಾಲೇಜಿಗೆ ಇದ್ದದ್ದು ಒಂದೇ ಸೀಟು. ನಾನಾಗ ಔರಂಗಾಬಾದಿನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೆ. ಜರ್ಮನಿಯವರು ಬೆಳಗ್ಗೆ ಏನು ತಿನ್ನುತ್ತಾರೆ, ಹುಡುಗಿಯರಿಗೂ ಲೋಹ ಕಡೆಯುವ ಲೇಥ್ ಯಂತ್ರ ಮುಟ್ಟಲು ಬಿಡುತ್ತಾರಾ, ಹಿಮ ಬೀಳುವಾಗ ಬಟ್ಟೆ ಎಲ್ಲಿ ಒಣಗಿಸುತ್ತಾರೆ, ಎಲ್ಲವೂ ನನಗೆ ಗೊತ್ತಾಗಬೇಕಿತ್ತು. ತಲೆ ತಿನ್ನಬೇಡ ಮಾರಾಯ್ತಿ ಎಂದು ಹಾಸ್ಟೆಲಿನ ಗೆಳತಿಯರು ಕೈ ಮುಗಿಯುತ್ತಿದ್ದರು.

ಅರ್ಜಿಯಲ್ಲಿ, ಇದುವರೆಗೆ ಮಾಡಿದ ಕೆಲಸದ ಬಗ್ಗೆ ಬರೆಯಲು ಒಂದು ಕಲಂ ಇತ್ತು. ನಾನು ನಮ್ಮ ಈರುಳ್ಳಿ ಒಣಗಿಸುವ ಯಂತ್ರದ ವಿಷಯ ಬರೆದೆ. ಲಾಸಲಗಾಂವ್ ಮಾರುಕಟ್ಟೆಯಿಂದ ಚೀಲಗಟ್ಟಲೆ ಈರುಳ್ಳಿ ತಂದು, ವಾರಗಟ್ಟಲೆ ಕಣ್ಣೀರು ಸುರಿಸಿ, ನಾವು ಮೂವರು ಸಹಪಾಠಿಗಳು ಸೇರಿ ಮಾಡಿದ ಯಂತ್ರ ಅದು. ಅರ್ಜಿಯಲ್ಲಿ ಮಾತ್ರ ನಾನೊಬ್ಬಳೇ ಮಾಡಿದೆ ಎಂದು ಬರೆದೆ. ಕಾಲೇಜಿನ ಮೊಹರೂ ಬಿತ್ತು. ಇನ್ನು ಪೋಷಕರ ಸಹಿಯೊಂದು ಬೇಕಿತ್ತು, ಸೋಮವಾರ ಕಡೆಯ ದಿನ. ಶನಿವಾರ ಬಸ್ಸು ಹತ್ತಿ ನಾಸಿಕಕ್ಕೆ, ಮನೆಗೆ ಬಂದೆ.

ಅಪ್ಪ ಧಾರವಾಡದವರು, ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಬೇರೆಯವರ ಕೆಲಸ ಪರೀಕ್ಷಿಸಿ ಸಹಿ ಹಾಕುವುದೇ ಅವರ ಉದ್ಯೋಗ. ಮದುವೆ ಕರೆಯೋಲೆಯನ್ನೂ ಪೂರ್ತಿ ಓದದೆ ಕೆಳಗಿಡುವವರಲ್ಲ.

"ಇದನ್ನ ನೀ ಒಬ್ಬಾಕಿನ ಮಾಡಿದ್ಯೇನು?" ಎಂದು ಯಂತ್ರದ ಕಲಂ ಓದಿ ಕೇಳಿದರು.

"ಮೂರು ಮಂದಿ ಇದ್ವಿ. ಹಂಗ ಬರದ್ರ ಸೀಟು ಯಾರು ಕೊಡ್ತಾರ್ರಿ?"

ಅಪ್ಪ ಪೆನ್ನು ತೆಗೆದು ಆ ವಾಕ್ಯದ ಮೇಲೆ ಒಂದೇ ಒಂದು ಗೆರೆ ಎಳೆದರು. ಪಕ್ಕದಲ್ಲಿ ನಿಜ ಬರೆಸಿದರು, ನನ್ನ ಸಹಿ, ತಾರೀಖು ಹಾಕಿಸಿದರು, ಅದರ ಕೆಳಗೆ ತಾವೂ ಸಹಿ ಮಾಡಿದರು. ಅವರ ಕಾರ್ಖಾನೆಯ ಪದ್ಧತಿ ಅದು. ತಪ್ಪನ್ನು ಅಳಿಸುವಂತಿಲ್ಲ, ಗೆರೆಯಡಿ ಹಳೆಯದು ಓದಲು ಸಿಗಬೇಕು, ತಪ್ಪಿದವರೂ ಪರೀಕ್ಷಿಸಿದವರೂ ಸಹಿ ಹಾಕಬೇಕು.

"ವೈಟ್ನರ್ ಆದ್ರೂ ಹಚ್ತೀನ್ರಿ," ಎಂದು ಗೋಗರೆದೆ.

"ವಿಮಾನದ ಕಾಗದಕ್ಕ ಯಾರೂ ವೈಟ್ನರ್ ಹಚ್ಚಂಗಿಲ್ಲ."

"ಇದು ವಿಮಾನ ಅಲ್ರೀ ಅಪ್ಪಾ, ಅರ್ಜಿ."

ಅಪ್ಪ ಪೆನ್ನಿನ ಕ್ಯಾಪು ಹಾಕಿ ಜೇಬಿಗಿಟ್ಟರು. ಭಾನುವಾರ ಹೊಸ ಅರ್ಜಿ ಎಲ್ಲಿ ಸಿಗಬೇಕು? ಮುಖ ಊದಿಸಿಕೊಂಡೇ ಬಸ್ಸು ಹತ್ತಿದೆ. ಅಪ್ಪನ ಮೇಲೆ ಅಷ್ಟು ಸಿಟ್ಟು ನನಗೆ ಅದುವರೆಗೆ ಬಂದಿರಲಿಲ್ಲ.

ಸೋಮವಾರ ಆ ಅರ್ಜಿಯನ್ನೇ ಕೊಟ್ಟೆ. ಹಾಗಿದ್ದರೂ ಸಂದರ್ಶನಕ್ಕೆ ಕರೆ ಬಂತು. ಮೂವರು ಕೂತಿದ್ದರು, ಅವರಲ್ಲಿ ಒಬ್ಬರು ಜರ್ಮನಿಯಿಂದ ಬಂದ ಪ್ರಾಧ್ಯಾಪಕಿ. ನಾನು ಉರುಹೊಡೆದಿದ್ದ ಉತ್ತರಗಳಲ್ಲಿ ಒಂದೂ ಬೇಕಾಗಲಿಲ್ಲ. ಆಕೆ ಆ ಗೆರೆಯ ಮೇಲೆ ಬೆರಳಿಟ್ಟು, ಇದೇನು, ಎರಡನೇ ಸಹಿ ಯಾರದು ಎಂದು ಕೇಳಿದರು. ಹೇಳಿದೆ. ಆಕೆಯೂ ನನ್ನಂಥವರೇ ಇರಬೇಕು, ಕೆದಕುತ್ತಲೇ ಹೋದರು. ಪರೀಕ್ಷಿಸಿದವನೇ ತಪ್ಪಿದರೆ? ಆಗ ಯಾರ ಸಹಿ? ಊಟಕ್ಕೆ ಕೂತಾಗ ಅಪ್ಪನಿಂದ ಕೇಳಿದ್ದನ್ನೆಲ್ಲ ಒಪ್ಪಿಸಿದೆ. ಸಂದರ್ಶನ ಎಂಬುದೇ ಮರೆತುಹೋಗಿತ್ತು.

ಆಮೇಲೆ ಆಕೆ ಮೆಲ್ಲಗೆ ಕೇಳಿದರು, "ನಿಮ್ಮ ತಂದೆ ನೋಡದೇ ಇದ್ದಿದ್ದರೆ, ನೀವಾಗಿ ತಿದ್ದುತ್ತಿದ್ದಿರಾ?"

ಹೌದು ಎನ್ನಬೇಕೆಂದೇ ಬಾಯಿ ತೆರೆದೆ. "ಇಲ್ಲ" ಎಂದುಬಿಟ್ಟೆ.

ಆಯ್ಕೆಯ ಪಟ್ಟಿಯಲ್ಲಿ ಬೇರೆ ವಿಭಾಗದ ಹುಡುಗನ ಹೆಸರಿತ್ತು. ಅದನ್ನು ಮೂರು ಸಲ ಓದಿದೆ.

ಮುಂದಿನ ವಾರ ಮನೆಗೆ ಹೋದಾಗ ಅಪ್ಪ ಶೇಂಗಾ ಸುಲಿಯುತ್ತ ಕೂತಿದ್ದರು. ಏನೇನು ಕೇಳಿದರೆಂದು ವಿಚಾರಿಸಿದರು. ನಾನು ಕೊಟ್ಟ ಕೊನೆಯ ಉತ್ತರವನ್ನೂ ಬಿಡದೆ ಹೇಳಿದೆ. ಅವರ ಕೈ ನಿಂತಿತು. ತಮ್ಮ ತೀರ್ಮಾನ ಸರಿಯೋ ತಪ್ಪೋ ಎಂದು ಅಪ್ಪ ಮನೆಯಲ್ಲಿ ಯಾರನ್ನೂ ಕೇಳಿದವರಲ್ಲ.

"ನಾ ಹೊಡದ ಗೆರಿ ತಪ್ಪಾತೇನು?" ಎಂದರು.

"ತಪ್ಪಲ್ರಿ. ಆದ್ರ ನನಗ ಹೋಗಬೇಕಾಗಿತ್ತು."

"ನನಗೂ ನಿನ್ನ ಕಳಸಬೇಕಾಗಿತ್ತು."

ಎದ್ದು ಕಪಾಟಿನಿಂದ ಒಂದು ಲಕೋಟೆ ತಂದು ಕೊಟ್ಟರು. ಒಳಗೆ ನನ್ನ ಹೆಸರಿನ ಪಾಸ್‌ಪೋರ್ಟ್ ಅರ್ಜಿ. ನಾನು ಸಿಟ್ಟಿನಿಂದ ಬಸ್ಸು ಹತ್ತಿದ ಮರುದಿನವೇ ತಂದು, ದುಂಡಗಿನ ಅಕ್ಷರದಲ್ಲಿ ತುಂಬಿಸಿಟ್ಟಿದ್ದರಂತೆ. ನನ್ನ ಸಹಿಯೊಂದು ಬಾಕಿಯಿತ್ತು.