ನಾನು ತೊಳೆದ ಹವಳಗಳು

ವಸುಧಾ, ಆ ಹವಳಗಳನ್ನು ತೊಳೆದವನು ನಾನು. ಅವುಗಳ ಮೇಲಿದ್ದುದನ್ನು ಕಣ್ಣಾರೆ ಕಂಡೂ, ಏನೂ ಇರಲಿಲ್ಲವೆಂದು ಹೇಳಿದವನೂ ನಾನೇ.

ಆಗ ನಾವಿನ್ನೂ ಗಂಡಹೆಂಡಿರಲ್ಲ, ಎಂ.ಎಸ್ಸಿ. ಪ್ರಾಣಿಶಾಸ್ತ್ರದಲ್ಲಿ ಒಂದೇ ಮೇಜಿನವರು. ಕಡಲ ಇಳಿತದ ಹೊತ್ತಿಗೆ ಬಾಂದ್ರಾದ ಬಂಡೆಗಳ ನಡುವೆ ನೀನು ಕಲ್ಲು ಮಗುಚುತ್ತಿದ್ದೆ. ಬಿಸಿಲು ಕಾಣದ ಅಡಿಮೈಯಲ್ಲಿ ಬಟಾಣಿಯಷ್ಟು ಹವಳಗಳು; ಕೆಲವು ಬರಿಮೈ, ಕೆಲವಕ್ಕೆ ಕಿತ್ತಳೆ ಬಣ್ಣದ ಸ್ಪಂಜಿನ ಹೊದಿಕೆ — ಬಾಯಿಯನ್ನು ಮಾತ್ರ ಬಿಟ್ಟು.

"ನಮ್ಮ ದಾದರಿನ ಚಾಳಿನ ಮನೆಗಳೇ ನೋಡಿ ಮಾರಾಯ್ರೆ," ಅಂದಿದ್ದೆ ನೀನು. "ಒಬ್ಬರ ಗೋಡೆಗೆ ಇನ್ನೊಬ್ಬರ ಸಂಸಾರ. ನಲ್ಲಿ ಜಗಳ ಒಂದಿಲ್ಲ ಅಷ್ಟೆ."

ಬರಿಮೈಯವನ್ನು ಹುಳುಗಳು ಕೊರೆದಿದ್ದವು, ಹೊದ್ದವುಗಳಲ್ಲಿ ತೂತಿರಲಿಲ್ಲ. ಹೊದಿಕೆಯೇ ಹವಳವನ್ನು ಕಾಯುತ್ತದೆ — ಅದೇ ನಿನ್ನ ಪ್ರಬಂಧದ ಜೀವ.

ಲ್ಯಾಬಿನ ಪದ್ಧತಿ ಬೇರೆ. ಹವಳವನ್ನು ಬ್ಲೀಚಿಂಗ್ ಪುಡಿಯ ನೀರಿನಲ್ಲಿ ನೆನೆಸಿ, ಉಜ್ಜಿ, ಬೆಳ್ಳಗೆ ಮಾಡಿ ಇಡಬೇಕು. ಪ್ರೊಫೆಸರರು ನೋಡುವ ಹಿಂದಿನ ಸಂಜೆ, ಸಹಾಯವೆಂದುಕೊಂಡು ನಿನ್ನ ಜಾಡಿಯವನ್ನೂ ತೊಳೆದೆ; ಸ್ಪಂಜೆಲ್ಲ ಕಳಚಿಹೋಯಿತು. ಸಹಾಯವೆಂದೇ? ನಿನ್ನ ಮೆಚ್ಚುಗೆಯ ಆಸೆ... ಜಾಡಿಯ ಮೇಲೆ ಎಚ್ಚರಿಕೆಯ ಚೀಟಿ ಇರಲಿಲ್ಲವೆನ್ನುತ್ತದೆ ನೆನಪು. ನನಗೆ ಅನುಕೂಲವಾದ ನೆನಪು, ನಂಬಲಾರೆ.

ಪದ್ಧತಿಯಂತೆ ಯಾರೋ ತೊಳೆದರೆಂದು ಮರುದಿನ ಎಲ್ಲರೂ ಅಂದುಕೊಂಡರು. ಪ್ರೊಫೆಸರರು ನನ್ನತ್ತ ತಿರುಗಿದರು — "ನೀನೂ ಅವಳ ಜೊತೆಗಿದ್ದೆಯಲ್ಲ, ಸ್ಪಂಜು ಕಂಡೆಯಾ?" ಹೌದೆಂದರೆ, ತೊಳೆದವರಾರೆಂಬ ಪ್ರಶ್ನೆ ಬರುತ್ತಿತ್ತು.

"ಇಲ್ಲ ಸಾರ್. ಕೆಸರು ಮೆತ್ತಿತ್ತು, ಅಷ್ಟೆ."

ನೀನು ನನ್ನನ್ನು ನೋಡಿದೆ. ಸಿಟ್ಟಿನಿಂದಲ್ಲ — ನಾನು ಹೇಳಿದ್ದೇ ನಿಜವಿರಬೇಕು ಎಂಬಂತೆ. ಮತ್ತೆ ಆರಿಸಿ ತರಬಹುದಿತ್ತು, ನೀನು ಹೋಗಲಿಲ್ಲ. ಏಡಿಗಳ ಮೇಲೆ ಪ್ರಬಂಧ ಬರೆದೆ.

ಎಂಟು ವರ್ಷವಾಯಿತು. ಪಾರ್ಲೆಯ ಈ ಎರಡು ಕೋಣೆಗಳಲ್ಲಿ ಸುಖವಾಗಿದ್ದೇವೆ — ಡೈರಿಯಲ್ಲಿ ಎಷ್ಟು ಸಲ ಹಾಗೆ ಬರೆದಿದ್ದೇನೋ. ಈಗಲೂ ಅಳಿಸುವುದಿಲ್ಲ; ಅದೂ ನಿಜ. ನೀನು ಕೇಳದೇ ಇದ್ದುದರಿಂದ ನಾನು ಹೇಳದೇ ಉಳಿದೆ.

ಮೊನ್ನೆ ಭಾನುವಾರ ಅದೇ ಬಂಡೆಗಳ ನಡುವೆ ನೀನು ಮಗಳಿಗೆ ಕಲ್ಲು ಮಗುಚಿ ತೋರಿಸುತ್ತಿದ್ದೆ. "ಹವಳದ ಮೇಲೆ ಏನೋ ಹೊದ್ದಿದೆ, ಅಲ್ವಾ ಅಮ್ಮಾ?" ಎಂದಳು ಅವಳು.

ನೀನು ನಕ್ಕೆ. "ನಂಗೂ ಹಾಗೇ ಕಾಣ್ತದೆ ಮಗಾ. ಆದ್ರೆ ನನ್ನ ಕಣ್ಣು ನಂಬಬೇಡ. ಅಪ್ಪನ ಹತ್ರ ಕೇಳು."

ಅವಳು ಕೇಳಿದಳು. ನಾನು ಚಪ್ಪಲಿಯ ಮರಳು ಕೊಡವುತ್ತ ನಿಂತೆ.

ಈ ಪುಟವನ್ನು ನಾಳೆ ಬೆಳಿಗ್ಗೆ ಕಾಫಿಯ ಜೊತೆ ನಿನ್ನ ಕೈಗೇ ಕೊಡುತ್ತೇನೆ. ಮಗಳಿಗೆ ಉತ್ತರ ಹೇಳುವುದು ಆಮೇಲೆ — ನಿನ್ನೆದುರಿಗೇ. ಅಲ್ಲಿ ಸ್ಪಂಜು ಇತ್ತು, ವಸುಧಾ. ನೀನು ಸರಿಯಾಗಿಯೇ ನೋಡಿದ್ದೆ.