ನೀಲಿ ಬಳ್ಳಿ ಹಿಡಿದ ದಾರಿ

ತ್ಲೆಮ್ಸೆನ್ ಊರಿನ ಗುಡ್ಡದ ಕಬರಸ್ತಾನದಲ್ಲಿ ಬಿಸಿಲಿಗೇನೂ ಬರವಿಲ್ಲ. ರಹ್ಮೂನಾ ಅಲ್ಲಿ ಮೂವತ್ತೊಂದು ವರ್ಷದಿಂದ ಒಂದು ಬಳ್ಳಿ ಸಾಕಿದ್ದಳು. ನೆಲಕ್ಕೆ ಮೈಚೆಲ್ಲಿ ಹಬ್ಬುವ, ಬಿಸಿಲಿದ್ದರೆ ಮಾತ್ರ ನೀಲಿ ಹೂ ಅರಳಿಸುವ ಬಳ್ಳಿ. ಪುಟ್ಟದೊಂದು ಸಮಾಧಿಯ ನಡುಮಣ್ಣಿನಲ್ಲಿ ಅದನ್ನು ನೆಟ್ಟವಳೂ ಅವಳೇ. ಅಡಿಯಲ್ಲಿ ಮಲಗಿದ್ದವನು ಅವಳ ಮಗ ಇದ್ರೀಸ್, ಹನ್ನೊಂದು ತಿಂಗಳ ಕೂಸು.

ಹೆಂಗಸರು ಮಣ್ಣಿಗೆ ಹೋಗುವಂತಿಲ್ಲ. ಹೆತ್ತವಳಾದರೂ ಮನೆಯಲ್ಲೇ ಕೂತು ಅಳಬೇಕು. ಮೂರನೆಯ ದಿನ ಗಂಡ ಮಿಲೂದ್ ಕರೆತಂದು ‘ಇದೇ’ ಎಂದು ತೋರಿಸಿದ. ಗಂಡನ ಮಾತನ್ನು ತಾನು ನಂಬಿದ್ದು ಅದೊಂದೇ ಸಲ ಎಂದು ಅವಳು ನಗುವುದಿತ್ತು.

ಪ್ರತಿ ಶುಕ್ರವಾರ ನೀರು ಹೊಯ್ದು, ಮನೆಯ ಸುದ್ದಿಯೆಲ್ಲ ಮಗುವಿಗೆ ಒಪ್ಪಿಸುವಳು. ಬಳ್ಳಿ ಸೊಂಪಾಗಿ ಬೆಳೆಯಿತು. ಆದರೆ ಆ ಸಮಾಧಿಯ ಮೇಲೆ ಒಂದು ದಿನವೂ ಹೂ ಬಿಡಲಿಲ್ಲ. ಬಿಸಿಲು ಬಿಟ್ಟು, ಕಾಲುದಾರಿ ದಾಟಿ, ಗೋಡೆಯ ನೆರಳಿಗೆ ತೆವಳಿ, ಅಲ್ಲಿನ ಬರಿನೆಲದ ಮೇಲೆ ಹೂವಾಗುತ್ತಿತ್ತು. ಕತ್ತರಿಸಿದಳು. ಮರುವರ್ಷ ಮತ್ತೆ ಅಲ್ಲೇ. ಕಲ್ಲು ಹೇರಿದಳು. ಬಳ್ಳಿ ಕಲ್ಲನ್ನು ಬಳಸಿ ಹೋಯಿತು. ನೆರಳಲ್ಲಿ ಮುದುಡಬೇಕಾದ ಹೂಗಳು ಅಗಲವಾಗಿ ಅರಳಿ, ಅವಳತ್ತಲೇ ಮುಖ ಮಾಡಿರುತ್ತಿದ್ದವು.

ಮಿಲೂದ್ ತೀರಿಕೊಂಡ ವಸಂತದಲ್ಲಿ ಗುಂಡಿ ತೋಡುವ ಮುದುಕ ಕದ್ದೂರನನ್ನು ತಡೆದು ಕೇಳಿದಳು. ‘ಈ ಗೋಡೆಬುಡದಲ್ಲಿ ಯಾರಿದಾರೆ?’

‘ಯಾಕೆ ಕೆದಕ್ತೀಯ ಲಲ್ಲಾ, ನನ್ ತಾಯಿ? ಮಿಲೂದ್ ನನ್ ಹತ್ರ ಆಣೆ ಹಾಕಿಸ್ಕೊಂಡಿದ್ದ.’

‘ಅವನೇ ಹೋದ ಮೇಲೆ ಅವನ ಆಣೆ ಯಾವ ಲೆಕ್ಕ? ಹೇಳು.’

‘ನಿನ್ ಮಗನ್ನ ಮಣ್ಣು ಮಾಡಿದ ದಿನ ಆರು ಮಕ್ಕಳು, ಎಲ್ಲಾ ದಡಾರಕ್ಕೆ ಹೋದವು. ಒಂದನ್ನ ಇಲ್ಲೂ ಇಟ್ವಿ. ರಾತ್ರಿ ಮಳೆ ಹೊಡೀತು ನೋಡು, ಗುರುತಿನ ಕಲ್ಲೆಲ್ಲಾ ಕೊಚ್ಕೊಂಡು ಹೋಯ್ತು. ಯಾವುದು ಯಾರದ್ದು ಅಂತ ನಂಗೂ ತಿಳೀಲಿಲ್ಲ, ಅವನಿಗೂ ತಿಳೀಲಿಲ್ಲ. ನೀನು ಎದುರಿಗೇ ನಿಂತಿದ್ದೆ. ಗೊತ್ತಿಲ್ಲ ಅನ್ನೋಕೆ ಅವನಿಗೆ ಬಾಯಿ ಬರ್ಲಿಲ್ಲ, ಒಂದನ್ನ ತೋರ್ಸಿಬಿಟ್ಟ.’

ರಹ್ಮೂನಾ ಗೋಡೆಬುಡದಲ್ಲಿ ಮಂಡಿಯೂರಿ ಬಳ್ಳಿ ಸರಿಸಿದಳು. ಒಂದು ಗೇಣು ಮಣ್ಣಿನಡಿ, ಬೇರುಗಳ ಹಿಡಿಯಲ್ಲಿ ಒಂದು ಕಾಫಿ ಬಟ್ಟಲು ಸಿಕ್ಕಿತು. ಅವಳ ಮದುವೆಯ ಆರು ಬಟ್ಟಲಲ್ಲಿ ಕಳೆದುಹೋದ ಆರನೆಯದು. ಅದಕ್ಕಾಗಿಯೇ ಅವಳು ನಾದಿನಿಯೊಡನೆ ಮಾತು ಬಿಟ್ಟಿದ್ದಳು. ಹಕ್ಕಿಗಳು ನೀರು ಕುಡಿಯಲೆಂದು ಮಿಲೂದ್ ಅದನ್ನು ಮಣ್ಣಿನ ದಿನವೇ ಮಗನ ತಲೆಯ ಬಳಿ ಇಟ್ಟಿದ್ದ; ಆ ರಾತ್ರಿಯ ಮಳೆ ಅದನ್ನು ಕೆಸರಲ್ಲಿ ಹೂತುಬಿಟ್ಟಿತ್ತು.

ಅವಳು ಬಟ್ಟಲನ್ನು ಎದೆಗವಚಿಕೊಂಡು ಅತ್ತಳು. ತಾನು ತಂದಿದ್ದ ಕೊಡದಿಂದ ಅರ್ಧ ನೀರನ್ನು ಅಲ್ಲಿ ಹೊಯ್ದಳು. ಉಳಿದರ್ಧ ಹೊತ್ತು, ಕಾಲುದಾರಿ ದಾಟಿ, ಹೂವಿಲ್ಲದ ಆ ಸಮಾಧಿಯ ಮುಂದೆ ಬಂದು ಕೂತಳು.

‘ನಿನ್ನಮ್ಮ ನಾನಲ್ಲ ಅಂತ ನೀನು ವರ್ಷ ವರ್ಷವೂ ಹೇಳ್ದೆ. ನಾನು ಕತ್ತರಿ ತಗೊಂಡು ಬಂದೆ,’ ಎಂದಳು. ‘ಹೋಗ್ಲಿ ಬಿಡು. ನೀರು ಕುಡಿ, ಕಂದ.’